ನಾಲ್ಕನೇ ಪುಟದ ಖಾಲಿ ಸಾಲು

(ಒಂಬತ್ತನೆಯ ಕಂತು)

"ಎದ್ದು ಹೊರಗೆ ಹೋಗಿ," ಅಂದಳು ಚೊಕ್ಕಮ್ಮ.

ಬಂದಾಕೆ ಏಳಲಿಲ್ಲ. ಟೈಪಿಂಗ್ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಹಾಕಿದ್ದ ಕುರ್ಚಿಯ ತುದಿಯಲ್ಲಿ ಕೂತು, ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು.

"ಒಂದೇ ಒಂದು ಸಲ ನೋಡಿ ಅಕ್ಕಾ. ನೋಡಿ ಆದ್ಮೇಲೆ ಕತ್ತು ಹಿಡಿದು ದಬ್ಬಿ, ಹೋಗ್ತೀನಿ."

"ನಿಮ್ಮನೆಯವರು ಸರಿಯಾಗಿ ನೋಡಿದ್ದಿದ್ರೆ ಇವತ್ತು ನನ್ನ ತಮ್ಮ ಬದುಕಿರ್ತಿದ್ದ. ಇನ್ನು ನಾನೇನು ನೋಡ್ಲಿ?"

ಬಣ್ಣದ ಕಾರ್ಖಾನೆಯ ಬಾಯ್ಲರ್ ಸಿಡಿದು ನಾಲ್ಕು ತಿಂಗಳಾಗಿತ್ತು. ಸತ್ತವರು ಏಳು ಜನ. ಅವರಲ್ಲಿ ಒಬ್ಬ ಚೊಕ್ಕಮ್ಮನಿಗೆ ಇದ್ದೊಬ್ಬ ತಮ್ಮ, ಇಪ್ಪತ್ತೆರಡು ವರ್ಷ ಅದೇ ಬಾಯ್ಲರನ್ನು ನೋಡಿಕೊಂಡಿದ್ದವನು. ಸಿಡಿಯುವುದಕ್ಕೆ ಆರು ದಿನ ಮೊದಲು ಅದನ್ನು ತಪಾಸಣೆ ಮಾಡಿ, ದೋಷದ ಸೊಲ್ಲೇ ಇಲ್ಲದ ವರದಿಗೆ ಸಹಿ ಹಾಕಿದ್ದ ಅಧಿಕಾರಿ ಈಗ ಜೈಲಿನಲ್ಲಿದ್ದ. ಎದುರಿಗೆ ಕೂತವಳು ಆ ಅಧಿಕಾರಿಯ ಹೆಂಡತಿ.

ಈ ನಾಲ್ಕು ತಿಂಗಳಲ್ಲಿ ಚೊಕ್ಕಮ್ಮ ಆ ಮನುಷ್ಯನಿಗೆ ಶಾಪ ಹಾಕದ ದಿನವಿಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಒಂದು, ಬಸ್ಸಿಗೆ ಕಾಯುವಾಗ ಒಂದು. ಸಹಿ ಹಾಕಿದ ಕೈಗೆ ಹುಳ ಬೀಳಲಿ ಎಂದು ಬಾಯಿಬಿಟ್ಟೇ ಅಂದಿದ್ದಳು, ಅಂದಮೇಲೆ ಅಯ್ಯೋ ಅನ್ನಿಸಿಯೂ ಇತ್ತು.

"ನಾಳೆ ಹನ್ನೊಂದು ಗಂಟೆಗೆ ಕೊನೇ ವಿಚಾರಣೆ," ಅಂದಳು ಆಕೆ. "ನಮ್ಮನೆಯವರು ಮೊದಲ ದಿನದಿಂದ ಒಂದೇ ಮಾತು ಹೇಳ್ತಿದ್ದಾರೆ. ನಾನು ಬರೆದಿದ್ದೆ, ಬಾಯ್ಲರ್ ನಿಲ್ಲಿಸಿ ಅಂತ ಬರೆದು ಟೈಪಿಗೆ ಕೊಟ್ಟಿದ್ದೆ, ಅಚ್ಚಾಗಿ ಬಂದದ್ರಲ್ಲಿ ಅದು ಇಲ್ಲ ಅಂತ. ವಕೀಲರೇ ನಂಬಲ್ಲ. ಕೈಬರಹ ಎಲ್ಲಿ ಅಂತಾರೆ."

"ಇಲ್ಲಿ ಅಚ್ಚಾದ ಮೇಲೆ ಕೈಬರಹ ಹರಿದು ಹಾಕ್ತೀವಿ. ಎಲ್ಲರಿಗೂ ಅದೇ ನಿಯಮ. ಅದಿರ್ಲಿ, ಸಹಿ ಹಾಕೋವಾಗ ಓದೋಕೆ ಏನಾಗಿತ್ತು ಅವರಿಗೆ?"

"ಓದ್ಲಿಲ್ವಂತೆ." ಆಕೆಯ ದನಿ ಸಣ್ಣದಾಯಿತು. "ಚೊಕ್ಕಮ್ಮನ ಕೈ ದಾಟಿ ಬಂದದ್ದರಲ್ಲಿ ಓದೋದೇನಿದೆ ಅಂತ ಸಹಿ ಹಾಕಿದ್ರಂತೆ."

ಅಂಥ ಮಾತಿಗೆ ಬೇರೆ ದಿನವಾಗಿದ್ದರೆ ಚೊಕ್ಕಮ್ಮ ಉಬ್ಬಿಹೋಗುತ್ತಿದ್ದಳು. ಇವತ್ತು ಅದು ಕೆನ್ನೆಗೆ ಹೊಡೆದ ಹಾಗಾಯಿತು.

"ನೀವು ನಂಬ್ತೀರಾ?" ಎಂದು ಕೇಳಿದಳು.

ಆಕೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸುಳ್ಳು ಯಾಕೆ ಹೇಳ್ಲಿ ಅಕ್ಕಾ. ಒಂದು ದಿನ ನಂಬ್ತೀನಿ, ಒಂದು ದಿನ ನಂಬಲ್ಲ. ಮಕ್ಕಳು ಕೇಳ್ತವೆ, ಅಪ್ಪ ನಿಜವಾಗ್ಲೂ ಬರೆದಿದ್ರಾ ಅಂತ. ಅದಕ್ಕೇ ಬಂದೆ. ಬರೆದಿರ್ಲಿಲ್ಲ ಅಂತ ಗೊತ್ತಾದ್ರೆ ನಾಳೆ ಕೋರ್ಟಿನ ಮೆಟ್ಟಿಲು ಹತ್ತಲ್ಲ ನಾನು."

ಚೊಕ್ಕಮ್ಮ ಕೈ ಚಾಚಿದಳು. ಆಕೆ ಚೀಲದಿಂದ ವರದಿಯ ನೆರಳಚ್ಚು ತೆಗೆದು ಕೊಟ್ಟಳು. ಒಟ್ಟು ಒಂಬತ್ತು ಪುಟ.

*

ಚೊಕ್ಕಮ್ಮ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಅಂಗಡಿಯಿಟ್ಟ ಹೆಸರು. ಒಂದು ಕಾಲಕ್ಕೆ ಅದು ಟೈಪಿಂಗ್ ಕಲಿಸುವ ಶಾಲೆಯಾಗಿತ್ತು. ಆಗಿನ ಟೈಪ್‌ರೈಟರುಗಳು ಬೀರುವಿನ ಮೇಲೆ ಈಗಲೂ ಧೂಳು ತಿನ್ನುತ್ತಾ ಕೂತಿವೆ. ಈಗ ಮೂರು ಕಂಪ್ಯೂಟರು, ಪ್ರತಿ ಹಾಳೆಗೂ ಕೆಮ್ಮುವ ಒಂದು ಪ್ರಿಂಟರು. ಅಂಗಡಿ ಮೇಷ್ಟ್ರದು. ಹದಿನೆಂಟನೇ ವಯಸ್ಸಿನಲ್ಲಿ ಬಂದ ಚೊಕ್ಕಮ್ಮನಿಗೆ ಬೆರಳು ಹಿಡಿದು ಕಲಿಸಿದವರು ಅವರೇ. ಅವರು ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋದರೆ ಎರಡೂವರೆಗೇ ಬರುವುದು. ಈಗ ಗಂಟೆ ಒಂದೂಕಾಲು.

ಅವಳ ಕೆಲಸ ಟೈಪ್ ಮಾಡುವುದಲ್ಲ, ಟೈಪಾದದ್ದನ್ನು ಚೊಕ್ಕ ಮಾಡುವುದು. ಜನ ಕಡತಗಳನ್ನು ಹೇಗೆ ಹೇಗೋ ಮಾಡಿಕೊಂಡು ಬರುತ್ತಾರೆ. ತಲೆಬರಹ ನಡುವಿಗೆ ಬರಬೇಕೆಂದು ಸ್ಪೇಸನ್ನು ಮೂವತ್ತು ಸಲ ಒತ್ತಿರುತ್ತಾರೆ, ಹೊಸ ಪುಟ ಬೇಕೆಂದು ಎಂಟರನ್ನು ಇಪ್ಪತ್ತು ಸಲ ಕುಟ್ಟಿರುತ್ತಾರೆ. ಒಂದು ಅಕ್ಷರ ಅತ್ತಿತ್ತ ಆಯಿತೋ, ಇಡೀ ಕಡತ ಕುಡಿದವನ ಹಾಗೆ ತೂರಾಡುತ್ತದೆ.

ಚೊಕ್ಕಮ್ಮ ಮೊದಲು ಮಾಡುವ ಕೆಲಸ ಒಂದೇ, ತೆರೆಯ ಮೇಲಿನ ಸಾಲಿನಲ್ಲಿರುವ ಒಂದು ಗುಂಡಿಯನ್ನು ಒತ್ತುವುದು. ಒತ್ತಿದೊಡನೆ ಅಡಗಿದ ಗುರುತುಗಳೆಲ್ಲ ಎದ್ದು ಬರುತ್ತವೆ. ಒಂದೊಂದು ಸ್ಪೇಸಿಗೆ ಒಂದೊಂದು ಚುಕ್ಕಿ, ಟ್ಯಾಬ್ ಹಾಕಿದಲ್ಲಿ ಬಾಣ, ಪ್ಯಾರಾ ಮುಗಿದಲ್ಲಿ ದಪ್ಪ ತಲೆಯ, ಉದ್ದುದ್ದ ಎರಡು ಕಾಲಿನ ಒಂದು ಗುರುತು. ಅದನ್ನು ಅಂಗಡಿಯಲ್ಲಿ ಕೊಕ್ಕರೆ ಅನ್ನುತ್ತಿದ್ದರು. ಈ ಗುರುತುಗಳು ಅಚ್ಚಿನಲ್ಲಿ ಬರುವುದಿಲ್ಲ, ಗಿರಾಕಿಗಳ ಕಣ್ಣಿಗೂ ಬೀಳುವುದಿಲ್ಲ. ಒಂದು ಕರಾರುಪತ್ರಕ್ಕೆ ಎರಡು ಕೈ ಬಿದ್ದಿದೆ ಎಂದು ಬರೀ ಚುಕ್ಕಿ ಬಾಣ ನೋಡಿ ಅವಳು ಹೇಳಿಬಿಟ್ಟ ಮೇಲೆ ಪೊಲೀಸರೂ ಎರಡು ಸಲ ಈ ಮೆಟ್ಟಿಲು ಹತ್ತಿ ಬಂದಿದ್ದರು.

ಇನ್ನೊಂದು ವಿಷಯವಿತ್ತು. ಚೊಕ್ಕಮ್ಮ ಮಾತು ಓದುವವಳಲ್ಲ. ಮಾತಿಗೆ ಮನಸ್ಸು ಕೊಟ್ಟರೆ ಗುರುತು ತಪ್ಪಿಹೋಗುತ್ತದೆ ಎಂದು ಮೇಷ್ಟ್ರು ಕಲಿಸಿದ್ದರು. ಮದುವೆಯ ಪತ್ರವೋ ವಿಚ್ಛೇದನದ ಅರ್ಜಿಯೋ, ಅವಳಿಗೆ ಎಲ್ಲ ಬರೀ ಚುಕ್ಕಿ, ಬಾಣ, ಕೊಕ್ಕರೆ.

ಹಾಗೇ ಈಗಲೂ ಓದದೆ ಪುಟ ತಿರುವಿದಳು. ಒಂದು, ಎರಡು, ಮೂರು. ನಾಲ್ಕನೇ ಪುಟದಲ್ಲಿ ಕೈ ನಿಂತಿತು.

ಎರಡು ಪ್ಯಾರಾಗಳ ನಡುವೆ ಒಂದು ಖಾಲಿ ಸಾಲಿತ್ತು.

"ಇದು ನನ್ನ ಕೈ ಕೆಲಸ ಅಲ್ಲ," ಅಂದಳು.

"ಅಂದ್ರೆ?"

"ನೋಡಿ, ಉಳಿದ ಯಾವ ಪುಟದಲ್ಲೂ ಹೀಗೆ ಇಲ್ಲ. ಪ್ಯಾರಾ ಪ್ಯಾರಾ ನಡುವೆ ಒಂದೇ ಅಳತೆ ಜಾಗ. ಇಲ್ಲಿ ಮಾತ್ರ ಹಲ್ಲು ಬಿದ್ದ ಬಾಯಿ ಥರ. ಇಂಥ ಸಾಲು ನನ್ನ ಕಣ್ಣು ತಪ್ಪಿಸಿ ಹೋಗೋದುಂಟಾ? ನಾನು ಚೊಕ್ಕ ಮಾಡಿ ಆದ ಮೇಲೆ ಯಾರೋ ಕೈ ಹಾಕಿದ್ದಾರೆ."

ಆ ಗುರುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಮೇಷ್ಟ್ರು ಟೈಪ್ ಮಾಡಿಟ್ಟಿದ್ದ ವರದಿಯನ್ನು ಬೆಳಿಗ್ಗೆ ಚೊಕ್ಕ ಮಾಡಿ ಮುಗಿಸಿ, ಮಧ್ಯಾಹ್ನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಕಣ್ಣಿಗೆ ಔಷಧಿ ಬಿಟ್ಟು ಸಂಜೆಯ ತನಕ ಕೂರಿಸಿದ್ದರು. ಅಚ್ಚಾದದ್ದು, ಸಹಿಯಾದದ್ದು ಆ ಮಧ್ಯಾಹ್ನವೇ.

ಕಂಪ್ಯೂಟರಿನ ಮುಂದೆ ಕೂತು ಕಡತ ತೆರೆದಳು. ಅಧಿಕಾರಿಯ ಹೆಂಡತಿ ಕುರ್ಚಿ ಎಳೆದುಕೊಂಡು ಬೆನ್ನ ಹಿಂದೆ ಬಂದು ಕೂತಳು. ತೆರೆಯ ಮೇಲೂ ಅದೇ ನಾಲ್ಕನೇ ಪುಟ, ಅದೇ ಖಾಲಿ ಸಾಲು.

ಚೊಕ್ಕಮ್ಮ ಗುಂಡಿ ಒತ್ತಿದಳು.

ಖಾಲಿ ಸಾಲಿನಲ್ಲಿ ಅಕ್ಷರಗಳು ಮೂಡಿದವು, ಪೂರ್ತಿ ಮೂರು ಸಾಲು. ಪ್ರತಿ ಸಾಲಿನ ಕೆಳಗೂ ಸಣ್ಣ ಚುಕ್ಕಿಗಳ ಗೆರೆ. ಅಡಗಿಸಿಟ್ಟ ಅಕ್ಷರಕ್ಕೆ ಮಾತ್ರ ಆ ಚುಕ್ಕಿಗೆರೆ ಬರುತ್ತದೆ. ಅಂಥ ಅಕ್ಷರ ಕಡತದೊಳಗೆ ಇರುತ್ತದೆ, ಅಚ್ಚಿಗೆ ಮಾತ್ರ ಬರುವುದಿಲ್ಲ.

ಎಷ್ಟೋ ವರ್ಷದ ಮೇಲೆ ಚೊಕ್ಕಮ್ಮ ಕೆಲಸದ ಕುರ್ಚಿಯಲ್ಲಿ ಕೂತು ಮಾತು ಓದಿದಳು. ಗಟ್ಟಿಯಾಗಿಯೇ ಓದಿದಳು.

"ಸುರಕ್ಷತಾ ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಒತ್ತಡ ಮಿತಿಮೀರಿದಾಗ ಅದು ತೆರೆದುಕೊಳ್ಳುವ ಭರವಸೆ ಇಲ್ಲ. ಹೊಸದನ್ನು ಜೋಡಿಸುವವರೆಗೆ ಬಾಯ್ಲರನ್ನು ಈ ಕೂಡಲೇ ನಿಲ್ಲಿಸತಕ್ಕದ್ದು."

ಹಿಂದಿನಿಂದ ಒಂದು ಸದ್ದು ಬಂತು. ಅಧಿಕಾರಿಯ ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಬರೆದಿದ್ರು," ಅಂದಳು ಬೆರಳ ಸಂದಿಯಿಂದ. "ಬರೆದಿದ್ರು ಅಕ್ಕಾ. ನಾನೇ ಪಾಪಿ, ನಂಬಲಿಲ್ಲ."

ಚೊಕ್ಕಮ್ಮ ಇನ್ನೂ ಆ ಸಾಲುಗಳನ್ನೇ ನೋಡುತ್ತಿದ್ದಳು. ಆ ಗುರುವಾರ ಬೆಳಿಗ್ಗೆ ಈ ಮೂರು ಸಾಲು ಹೀಗೇ ತೆರೆಯ ಮೇಲೆ ಇದ್ದವು, ಎಲ್ಲರಿಗೂ ಕಾಣುವ ಹಾಗೆ. ಅವಳು ಇದರ ಎರಡು ಹೆಚ್ಚಿನ ಸ್ಪೇಸ್ ತೆಗೆದಿರಬಹುದು, ಅಂಚು ಸರಿ ಮಾಡಿರಬಹುದು. ತಮ್ಮನ ಸಾವಿನ ಸುದ್ದಿ ಆರು ದಿನ ಮೊದಲೇ ಅವಳ ಕಣ್ಣ ಮುಂದೆ ಹಾದು ಹೋಗಿತ್ತು. ಅವಳು ಅದನ್ನು ನೀಟಾಗಿ ಜೋಡಿಸಿ ಎದ್ದು ಕಣ್ಣು ತೋರಿಸಲು ಹೋಗಿದ್ದಳು.

ಒಂದೇ ಒಂದು ಸಲ ಓದಿದ್ದಿದ್ದರೆ! ತಮ್ಮಾ, ಇವತ್ತು ಕೆಲಸಕ್ಕೆ ಹೋಗಬೇಡ ಕಣೋ, ಎಂದು ಒಂದು ಫೋನ್ ಮಾಡಿದ್ದಿದ್ದರೆ! ಅಷ್ಟು ದಿನ ಶಾಪ ಹಾಕಿದ್ದೆಲ್ಲ ತಿರುಗಿ ತನ್ನ ಕಡೆಗೇ ಬಂದು ನಿಂತಿತ್ತು.

"ಅಕ್ಕಾ," ಆಕೆ ಭುಜ ಮುಟ್ಟಿದಳು. "ಯಾರು ಹೀಗೆ ಮಾಡಿದ್ದು ಅಂತ ಗೊತ್ತಾಗುತ್ತಾ?"

ಆಗ ಚೊಕ್ಕಮ್ಮ ಕೊಕ್ಕರೆಯನ್ನು ನೋಡಿದಳು.

*

ಮೂರು ಸಾಲಿನ ಕೆಳಗೂ ಚುಕ್ಕಿಗೆರೆ ಇತ್ತು. ಕೊನೆಯಲ್ಲಿ ನಿಂತ ಕೊಕ್ಕರೆಯ ಕಾಲ ಕೆಳಗೆ ಇರಲಿಲ್ಲ.

ಅಕ್ಷರ ಅಡಗಿತ್ತು, ಪ್ಯಾರಾದ ಗುರುತು ಅಡಗಿರಲಿಲ್ಲ. ಅದಕ್ಕೇ ಮಾತು ಮಾಯವಾದರೂ ಅದರ ಜಾಗ ಖಾಲಿ ಸಾಲಾಗಿ ಉಳಿದುಬಿಟ್ಟಿತ್ತು. ಅಡಗಿಸಿದವರು ಇಲಿಯನ್ನು, ಅಂದರೆ ಕಂಪ್ಯೂಟರಿನ ಮೌಸನ್ನು, ಮೊದಲ ಅಕ್ಷರದಿಂದ ಎಳೆದುಕೊಂಡು ಹೋಗಿ, ಕೊನೆಯ ಅಕ್ಷರಕ್ಕೆ ಕೈ ಬಿಟ್ಟಿದ್ದರು. ಕೊಕ್ಕರೆಯನ್ನು ಹಿಡಿದಿರಲಿಲ್ಲ.

ಅಳಿಸಬೇಡ, ಅಡಗಿಸು. ಇದು ಈ ಅಂಗಡಿಯ ನಿಯಮ. ಗಿರಾಕಿ ಇವತ್ತು ಬೇಡ ಅಂದ ಸಾಲನ್ನೇ ನಾಳೆ ಬೇಕು ಅನ್ನುತ್ತಾನೆ ಎಂದು ಮೇಷ್ಟ್ರು ಮಾಡಿದ್ದು. ಹೊರಗಿನವರು ಯಾರೇ ಆಗಿದ್ದರೂ ಅಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಹಾಗಾದರೆ ಇದು ಒಳಗಿನವರ ಕೆಲಸ. ಒಳಗಿನವರು ಅಂದರೆ ಮೂರೇ ಜನ. ಕೊಕ್ಕರೆ ಬಿಟ್ಟು ಪ್ಯಾರಾ ಹಿಡಿಯಬೇಡ ಎಂದು ಮೇಷ್ಟ್ರು ಚೊಕ್ಕಮ್ಮನಿಗೆ ಹೇಳಿದ್ದರು. ಅದೇ ಮಾತನ್ನು ಚೊಕ್ಕಮ್ಮ ಇನ್ನೊಬ್ಬಳಿಗೆ ನೂರು ಸಲ ಹೇಳಿದ್ದಳು, ತಲೆಗೆ ಮೊಟಕಿ ಹೇಳಿದ್ದಳು. ಅವಳಿಗೆ ಇವತ್ತಿಗೂ ಅದು ಬಂದಿರಲಿಲ್ಲ.

"ಗೊತ್ತಾಗಲ್ಲ," ಅಂದಳು ಚೊಕ್ಕಮ್ಮ. ಹುಟ್ಟಿದ ಮೇಲೆ ಕೆಲಸದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

"ಹೋಗ್ಲಿ ಬಿಡಿ, ಇಷ್ಟು ಸಾಕು. ಒಂದು ಪ್ರಿಂಟ್ ಕೊಟ್ಟುಬಿಡಿ ಅಕ್ಕಾ. ವಕೀಲರ ಮುಖಕ್ಕೆ ಹಿಡೀತೀನಿ."

ಚೊಕ್ಕಮ್ಮನ ಕೈ ಇಲಿಯ ಮೇಲೇ ಇತ್ತು, ಕದಲಲಿಲ್ಲ. ಪ್ರಿಂಟ್ ಕೊಟ್ಟರೆ ನಾಳೆ ಕೋರ್ಟಿನಲ್ಲಿ ಮೊದಲ ಪ್ರಶ್ನೆಯೇ ಅಡಗಿಸಿದವರು ಯಾರು ಎಂದು. ಕೊಡದಿದ್ದರೆ, ಬರೆದ ಮನುಷ್ಯ ಬರೆಯದ ತಪ್ಪಿಗೆ ಒಳಗೇ ಕೊಳೆಯುತ್ತಾನೆ. ಬಿಸಿತುಪ್ಪ ಬಾಯಲ್ಲಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ತೊಳೆದ ಊಟದ ಡಬ್ಬಿ ಹಿಡಿದು ಪುಟ್ಟಿ ಒಳಗೆ ಬಂದಳು.

ಪುಟ್ಟಿ ಅಂದರೆ ಸತ್ತ ತಮ್ಮನ ಒಬ್ಬಳೇ ಮಗಳು. ಇಪ್ಪತ್ಮೂರು ವರ್ಷ. ತಾಯಿಯಿಲ್ಲದ ಕೂಸೆಂದು ಅತ್ತೆಯೇ ಎತ್ತಿ ಆಡಿಸಿ, ಅತ್ತೆಯೇ ಟೈಪಿಂಗಿಗೆ ಕೂರಿಸಿದ್ದು. ಅಪ್ಪ ಹೋದ ಮೇಲೆ ಅವಳ ಮಾತು ಅರ್ಧಕ್ಕರ್ಧ ಇಳಿದಿತ್ತು. ದುಃಖ, ಇಳಿಯಲಿ ಬಿಡು, ಎಂದು ಚೊಕ್ಕಮ್ಮ ಸುಮ್ಮನಿದ್ದಳು.

"ಅತ್ತೆ, ನಿಮ್ಮ ಡಬ್ಬಿನೂ ತೊಳೆದಿದ್ದೀನಿ," ಅನ್ನುತ್ತಾ ಬಂದವಳು ತೆರೆ ನೋಡಿದಳು. ಹೆಜ್ಜೆ ನಿಂತಿತು. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಬಾ ಮಗಳೇ."

"ಕೈ ಒದ್ದೆ ಅತ್ತೆ."

"ಒರೆಸ್ಕೊಂಡು ಬಾ."

ಪುಟ್ಟಿ ಬಂದಳು. ಚೊಕ್ಕಮ್ಮ ಎದ್ದು ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದಳು.

"ಈ ಪ್ಯಾರಾ ಹಿಡಿದು ತೋರ್ಸು ನೋಡೋಣ."

"ಯಾಕೆ ಅತ್ತೆ?"

"ತೋರ್ಸು ಅಂದೆ."

ಪುಟ್ಟಿ ಇಲಿ ಹಿಡಿದಳು. ಮೊದಲ ಅಕ್ಷರದಿಂದ ಎಳೆದಳು, ಒಂದು ಸಾಲು, ಎರಡು ಸಾಲು, ಮೂರನೇ ಸಾಲಿನ ಕೊನೆಯ ಅಕ್ಷರದ ತನಕ. ಅಲ್ಲಿ ಕೈ ಬಿಟ್ಟಳು. ಕೊಕ್ಕರೆ ಒಂಟಿಯಾಗಿ ಹೊರಗೆ ನಿಂತಿತ್ತು.

"ಅಷ್ಟೇನಾ?"

"ಅಷ್ಟೇ."

"ಕೊಕ್ಕರೆ?"

ಪುಟ್ಟಿ ತೆರೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಅತ್ತೆ ಏನು ಕೇಳುತ್ತಿದ್ದಾರೆ ಎಂದು ಆಗ ಅವಳಿಗೆ ತಿಳಿಯಿತು. ಇಲಿಯ ಮೇಲಿಂದ ಕೈ ಹಿಂದೆಳೆದುಕೊಂಡಳು.

"ಇವರು ಯಾರು ಗೊತ್ತಾ?" ಚೊಕ್ಕಮ್ಮ ಹಿಂದಿದ್ದ ಕುರ್ಚಿ ತೋರಿಸಿದಳು. "ಇದನ್ನ ಬರೆದ ಸಾಹೇಬರ ಹೆಂಡತಿ. ನಾಳೆ ಅವರ ಗಂಡನಿಗೆ ಶಿಕ್ಷೆ ಆಗುತ್ತೆ. ಈಗ ಹೇಳು."

"ಅತ್ತೆ..."

"ಅತ್ತೆ ಗಿತ್ತೆ ಬೇಡ. ನೀನಾ?"

"ಹೂಂ."

ಅಧಿಕಾರಿಯ ಹೆಂಡತಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಚೊಕ್ಕಮ್ಮ ಕೈ ಎತ್ತಿದಳು, ಹೊಡೆಯಲೆಂದೇ ಎತ್ತಿದ್ದು. ಕೈ ಹುಡುಗಿಯ ತಲೆಯ ಮೇಲೆ ಹೋಗಿ ಸುಮ್ಮನೆ ಕೂತುಬಿಟ್ಟಿತು.

"ಯಾಕೆ ಮಾಡ್ದೆ? ಓದಿದ್ಯಾ ಅದನ್ನ?"

"ಓದ್ದೆ."

"ಓದೀನೂ? ನಿಮ್ಮಪ್ಪ ದಿನಾ ಅದರ ಮುಂದೆ ನಿಲ್ತಿದ್ದ ಕಣೇ!"

"ಅಪ್ಪಾನೇ ಹೇಳಿದ್ದು ಅತ್ತೆ!"

ಪುಟ್ಟಿ ಜೋರಾಗಿ ಅಳಲು ಶುರು ಮಾಡಿದಳು. ನಾಲ್ಕು ತಿಂಗಳಿಂದ ತಡೆದಿಟ್ಟದ್ದು ಒಟ್ಟಿಗೇ ಬಂತು. ಮಾತು ಅಳುವಿನ ನಡುವೆ ತುಂಡು ತುಂಡಾಗಿ ಬರುತ್ತಿತ್ತು.

"ನೀವು ಕಣ್ಣಿನ ಡಾಕ್ಟರ ಹತ್ರ ಹೋಗಿದ್ರಿ. ಮೇಷ್ಟ್ರು ಬಂದು ಹೇಳಿದ್ರು. ನಿಮ್ಮಪ್ಪ ಫೋನ್ ಮಾಡಿದ್ದ, ಹೊಸ ವಾಲ್ವು ನಾಲ್ಕು ದಿನದಲ್ಲಿ ಬರುತ್ತಂತೆ, ಇದು ಕಾಗದದಲ್ಲಿ ಬಂದ್ರೆ ಕಾರ್ಖಾನೆ ಎರಡು ತಿಂಗಳು ಬಂದ್ ಆಗುತ್ತೆ, ಎಲ್ಲರ ಕೆಲಸ ಹೋಗುತ್ತೆ, ಮಗಳಿಗೆ ಹೇಳಿ ಆ ಒಂದು ಪ್ಯಾರಾ ಸದ್ಯಕ್ಕೆ ಅಡಗಿಸಿ ಅಂದಿದ್ದಾನೆ ಅಂತ. ಮುಂದಿನ ವಾರ ಮತ್ತೆ ಹಾಕಿ ಹೊಸ ಪ್ರಿಂಟ್ ಕೊಡೋಣ ಅಂದ್ರು. ಅದಕ್ಕೇ ಅಡಗಿಸ್ದೆ ಅತ್ತೆ, ಅಳಿಸ್ಲಿಲ್ಲ."

"ಮನೆಗೆ ಹೋಗಿ ಅಪ್ಪನ್ನ ಕೇಳ್ಲಿಲ್ವಾ?"

"ಹೇಗೆ ಕೇಳ್ಲಿ? ಅಪ್ಪ ನನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದ್ದುಂಟಾ? ಒಂದು ಲೋಟ ನೀರು ಕೂಡ ತಾನೇ ತಗೊಂಡು ಕುಡೀತಿದ್ರು. ಒಂದೇ ಒಂದು ಸಲ ಕೇಳಿದ್ದಾರೆ, ಅದೂ ಬೇರೆಯವರ ಬಾಯಲ್ಲಿ. ಮತ್ತೆ ಆ ಮಾತು ಎತ್ತಿ ಅವರನ್ನ ಸಣ್ಣೋರು ಮಾಡೋದು ಬೇಡ ಅಂತ ಸುಮ್ಮನಾದೆ. ಆಮೇಲೆ ಆರನೇ ದಿನ..."

ಆರನೇ ದಿನದ ಮಾತು ಚೊಕ್ಕಮ್ಮನಿಗೂ ಬೇಕಿರಲಿಲ್ಲ.

ಆದರೆ ಒಂದು ಮಾತನ್ನು ಅವಳ ಮನಸ್ಸು ಒಪ್ಪಲಿಲ್ಲ. ತನ್ನ ತಮ್ಮ? ಮಲಗುವ ಮೊದಲು ಮೂರು ಸಲ ಎದ್ದು ಹೋಗಿ ಗ್ಯಾಸ್ ಮುಚ್ಚಿದೆಯಾ ಎಂದು ನೋಡುತ್ತಿದ್ದವನು? ಬೀಗ ಹಾಕಿ ಬೀದಿಯ ತುದಿಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಿದ್ದವನು? ನಿನ್ನ ಜೊತೆ ಹೊರಟರೆ ಬಸ್ಸು ಸಿಕ್ಕ ಹಾಗೇ ಎಂದು ಅವಳು ಎಷ್ಟು ಆಡಿಕೊಂಡಿರಲಿಲ್ಲ! ಆ ಪುಕ್ಕಲ ಕಚ್ಚಿಕೊಂಡ ವಾಲ್ವನ್ನು ಬಚ್ಚಿಡಿ ಅನ್ನುತ್ತಾನಾ?

"ಅಡಗಿಸಿದ್ದು ಈ ಒಂದೇ ಪ್ಯಾರಾನಾ?" ಎಂದು ಕೇಳಿದಳು.

"ಒಂದೇ ಅತ್ತೆ. ಅವರು ತೋರಿಸಿದ್ದು ಇದೊಂದೇ."

ಚೊಕ್ಕಮ್ಮ ಹುಡುಗಿಯ ಭುಜದ ಮೇಲಿಂದ ಕೈ ಚಾಚಿ ಪುಟಗಳನ್ನು ಕೆಳಗೆ ಓಡಿಸಿದಳು. ಐದನೇ ಪುಟದಲ್ಲಿ ಏನೂ ಇಲ್ಲ. ಆರನೇ ಪುಟದ ನಡುವೆ ಮತ್ತೆ ಚುಕ್ಕಿಗೆರೆ ಬಂತು.

ಇಲ್ಲಿ ಗೆರೆ ಕೊಕ್ಕರೆಯ ಕಾಲ ಕೆಳಗೂ ಹಾದು ಹೋಗಿತ್ತು. ಅಕ್ಷರವೂ ಗುರುತೂ ಒಟ್ಟಿಗೇ ಅಡಗಿದ್ದವು. ಅಚ್ಚಿನಲ್ಲಿ ಖಾಲಿ ಸಾಲಿಲ್ಲ, ಬಿರುಕಿಲ್ಲ, ಅಲ್ಲಿ ಏನೋ ಇತ್ತು ಅನ್ನುವ ಸುಳಿವೇ ಇಲ್ಲ. ಈ ಅಂಗಡಿಯಲ್ಲಿ ಇಷ್ಟು ಚೊಕ್ಕವಾಗಿ ಅಡಗಿಸಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬಳು ಆ ಮಧ್ಯಾಹ್ನ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತಿದ್ದಳು.

ಓದಿದವಳು ಪುಟ್ಟಿ. ಅಳುವ ದನಿಯಲ್ಲೇ ಓದಿದಳು.

"ಮೇಲಿನ ದೋಷವನ್ನು ಮೊದಲು ನನ್ನ ಗಮನಕ್ಕೆ ತಂದವರು ಬಾಯ್ಲರ್ ನೋಡಿಕೊಳ್ಳುವ ಹಿರಿಯ ಕೆಲಸಗಾರರು. ಎರಡು ತಿಂಗಳಲ್ಲಿ ಮೂರು ಬಾರಿ ಮ್ಯಾನೇಜರಿಗೆ ಬರೆದುಕೊಟ್ಟೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನೀವಾದರೂ ನಿಲ್ಲಿಸಿ ಎಂದು ಅವರು ನನ್ನಲ್ಲಿ ಕೈಮುಗಿ..."

ಹುಡುಗಿ ತೆರೆಯ ಮೇಲೆ ಬೆರಳಿಟ್ಟು ಕೂತುಬಿಟ್ಟಳು.

"ಅತ್ತೆ," ಅಂದಳು ಆಮೇಲೆ, ಮಗುವಿನ ದನಿಯಲ್ಲಿ. "ಹಾಗಾದ್ರೆ ಅಪ್ಪ ಹೇಳ್ಲೇ ಇಲ್ವಾ?"

"ಇಲ್ಲ ಕಂದಾ."

"ನಿಲ್ಸಿ ಅಂತ ಕೈ ಮುಗಿದಿದ್ರಾ?"

"ಹೌದು."

"ನಾನು ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಅತ್ತೆ. ನನ್ನ ಕೈಲಿ ಇಂಥ ಕೆಲಸ ಮಾಡಿಸಿ ತಾನು ಹೋಗ್ಬಿಟ್ರಲ್ಲಾ ಅಂತ ನಾಲ್ಕು ತಿಂಗಳು ಸಿಟ್ಟು ಮಾಡ್ಕೊಂಡಿದ್ದೆ."

ಚೊಕ್ಕಮ್ಮ ಅವಳನ್ನು ಎಳೆದು ತನ್ನ ಹೊಟ್ಟೆಗೆ ಅವುಚಿಕೊಂಡಳು. ಮೇಷ್ಟ್ರು ಎರಡನ್ನೂ ತಾವೇ ಅಡಗಿಸಬಹುದಿತ್ತು. ಅಪ್ಪನ ಮಾತಿದ್ದ ಪ್ಯಾರಾ ಮಗಳ ಕಣ್ಣಿಗೆ ಬೀಳದ ಹಾಗೆ ಮೊದಲು ಅದನ್ನು ತಾವು ಮುಚ್ಚಿ, ಇನ್ನೊಂದನ್ನು ಅವಳ ಕೈಯಿಂದ ಮುಚ್ಚಿಸಿದ್ದರು. ಮುಂದೆ ಯಾವತ್ತಾದರೂ ಬಾಯಿ ಬಿಡುವ ಮೊದಲು ಅತ್ತೆ ಸೊಸೆ ಇಬ್ಬರೂ ನೂರು ಸಲ ಯೋಚಿಸಲಿ ಎಂದೇ ಇರಬೇಕು. ಮೂವತ್ತೇಳು ವರ್ಷ ದೇವರಂಥ ಮನುಷ್ಯ ಎಂದುಕೊಂಡವರ ಬಗ್ಗೆ ಹೀಗೆ ಯೋಚಿಸಬೇಕಾಗಿ ಬಂತಲ್ಲ ಎಂದು ಅವಳಿಗೆ ಅಳುವೇ ಬಂತು.

ಪುಟ್ಟಿ ಮೂಗೊರೆಸಿಕೊಂಡು ತಲೆ ಎತ್ತಿದಳು.

"ಪ್ರಿಂಟ್ ಕೊಡ್ತೀನಿ ಅತ್ತೆ. ಎರಡನ್ನೂ."

"ನಿನ್ನನ್ನ ಬಿಡಲ್ಲ ಅವರು. ಹಿಡ್ಕೊಂಡು ಹೋಗ್ತಾರೆ."

"ಹೋಗ್ಲಿ. ಅಪ್ಪ ಕೈ ಮುಗಿದದ್ದು ಯಾರಿಗೂ ಗೊತ್ತೇ ಇಲ್ವಲ್ಲ. ಅದು ಗೊತ್ತಾಗ್ಲಿ."

ಅಧಿಕಾರಿಯ ಹೆಂಡತಿ ತನ್ನ ಕುರ್ಚಿಯಿಂದಲೇ ಮುಂದೆ ಬಾಗಿ ಹುಡುಗಿಯ ಕೈ ಹಿಡಿದುಕೊಂಡಳು.

ಅಡಗಿಸಿದ್ದೂ ಅಚ್ಚಾಗುವ ಹಾಗೆ ಮಾಡಿ ಪುಟ್ಟಿ ಗುಂಡಿ ಒತ್ತಿದಳು. ಪ್ರಿಂಟರು ಕೆಮ್ಮಿತು, ಗೊರಗುಟ್ಟಿತು, ಮೊದಲ ಹಾಳೆ ಎಳೆದುಕೊಂಡಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ನಿಂತು ಸುಧಾರಿಸಿಕೊಳ್ಳುವವರು ಈ ಅಂಗಡಿಗೆ ಬರುವವರಲ್ಲಿ ಒಬ್ಬರೇ. ಚೊಕ್ಕಮ್ಮ ಗಡಿಯಾರ ನೋಡಿದಳು. ಎರಡಕ್ಕೆ ಹತ್ತು ನಿಮಿಷ. ಇವತ್ತು ಬೇಗ ಬಂದಿದ್ದರು.

ಪುಟ್ಟಿಯ ಕೈ ತನ್ನಷ್ಟಕ್ಕೆ ಗುರುತು ಮುಚ್ಚುವ ಗುಂಡಿಯ ಕಡೆಗೆ ಹೋಯಿತು. ಚೊಕ್ಕಮ್ಮ ಆ ಕೈ ಹಿಡಿದಳು.

"ಬೇಡ. ಇರ್ಲಿ."

*

ಮೇಷ್ಟ್ರು ಒಳಗೆ ಬಂದರು. ಎಪ್ಪತ್ತು ದಾಟಿದ ಸಣಕಲು ದೇಹ, ಕೈಯಲ್ಲಿ ಬಿಸಿಲಿಗೆ ಹಿಡಿದ ಕೊಡೆ. ಕೊಡೆ ಮಡಿಸಿ ಮೂಲೆಗಿಟ್ಟರು. ತೆರೆ ನೋಡಿದರು, ಪ್ರಿಂಟರ್ ನೋಡಿದರು, ಕೊನೆಗೆ ಗಿರಾಕಿಯ ಕುರ್ಚಿಯಲ್ಲಿದ್ದ ಹೆಂಗಸನ್ನು ನೋಡಿದರು.

"ಗಿರಾಕಿ ಇರುವಾಗ ಗುರುತು ತೆರೆದಿಡಬಾರದು ಅಂತ ಹೇಳಿದ್ನಲ್ಲಮ್ಮಾ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇವರು ಗಿರಾಕಿ ಅಲ್ಲ ಮೇಷ್ಟ್ರೇ. ತಪಾಸಣೆ ಸಾಹೇಬರ ಹೆಂಡತಿ."

"ಓ," ಅಂದರು ಮೇಷ್ಟ್ರು. ತಮ್ಮ ಜಾಗಕ್ಕೆ ಹೋಗಲಿಲ್ಲ. ನಿಂತಲ್ಲೇ ಮೇಜಿಗೆ ಕೈ ಊರಿದರು.

"ಆರನೇ ಪುಟದ್ದು ಯಾರ ಕೈ?" ಎಂದು ಕೇಳಿದಳು ಚೊಕ್ಕಮ್ಮ.

"ಗೊತ್ತಿದ್ದೂ ಯಾಕೆ ಕೇಳ್ತೀಯಾ?"

"ನಿಮ್ಮ ಬಾಯಲ್ಲಿ ಕೇಳ್ಬೇಕು."

"ನಂದೇ."

"ನನ್ನ ತಮ್ಮ ನಿಮಗೆ ಫೋನ್ ಮಾಡಿದ್ನಾ?"

ಮೇಷ್ಟ್ರು ಪುಟ್ಟಿಯ ಕಡೆ ನೋಡಲಿಲ್ಲ. "ಇಲ್ಲ," ಅಂದರು.

ಪುಟ್ಟಿಯ ಬಾಯಿಂದ ಸಣ್ಣದೊಂದು ನರಳಿಕೆ ಬಂತು. ಪ್ರಿಂಟರು ಎರಡನೇ ಹಾಳೆ ಹೊರಗೆ ಹಾಕಿ ಸುಮ್ಮನಾಯಿತು. ಅಧಿಕಾರಿಯ ಹೆಂಡತಿ ಕೂತಲ್ಲಿಂದಲೇ ಕೈ ಚಾಚಿ ಎರಡು ಹಾಳೆಯನ್ನೂ ತೆಗೆದುಕೊಂಡು ಎದೆಗೆ ಹಿಡಿದಳು.

"ಯಾರ ಮಾತು ಕೇಳಿ ಮಾಡಿದ್ರಿ ಮೇಷ್ಟ್ರೇ?" ಎಂದಳು ಚೊಕ್ಕಮ್ಮ. "ಮ್ಯಾನೇಜರದಾ? ಏಳು ಜನ! ನನ್ನ ತಮ್ಮನ್ನ ಇದೇ ಅಂಗಡೀಲಿ ನಿಮ್ಮ ಕಾಲ ಹತ್ರ ಕೂತು ಆಡಿದೋನು ಅಂತಿದ್ರಿ. ಹೇಗೆ ಮನಸ್ಸು ಬಂತು?"

"ಹೇಳ್ತೀನಿ. ನಾಳೆ ಕೋರ್ಟಿನಲ್ಲೂ ಹೇಳ್ತೀನಿ, ತಪ್ಪಿಸ್ಕೊಳ್ಳೋ ವಯಸ್ಸಲ್ಲ ನಂದು." ಮೇಷ್ಟ್ರು ನಿಧಾನವಾಗಿ ಆ ಹೆಂಗಸಿನ ಕಡೆ ತಿರುಗಿದರು. "ಆದ್ರೆ ಅದಕ್ಕೆ ಮೊದಲು ಒಂದು ಮಾತು ಕೇಳ್ಬೇಕಮ್ಮಾ ನಿಮ್ಮನ್ನ. ಸಾಹೇಬರು ಓದದೆ ಸಹಿ ಹಾಕ್ದೆ ಅಂದಿದ್ದಾರಾ?"

"ಹೌದು," ಅಂದಳು ಆಕೆ. "ಚೊಕ್ಕಮ್ಮ ಅವರ ಮೇಲಿನ ನಂಬಿಕೇಲಿ."

"ಈಗ ನೀವು ಕೂತಿದ್ದೀರಲ್ಲ, ಆ ಕುರ್ಚೀಲೇ ಕೂತಿದ್ರು."

ಆಕೆ ತಾನು ಕೂತ ಕುರ್ಚಿಯನ್ನೊಮ್ಮೆ ನೋಡಿಕೊಂಡಳು.

"ಒಂಬತ್ತು ಪುಟವನ್ನೂ ಓದಿದ್ರು. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದ್ರು. ನಾನು ಸಿಕ್ಕಿಬಿದ್ದೆ ಅಂದ್ಕೊಂಡೆ. ನಾಲ್ಕನೇ ಪುಟಕ್ಕೆ ಬಂದ್ರು. ಆ ಖಾಲಿ ಸಾಲಿನ ಮೇಲೆ ಬೆರಳು ನಿಂತಿತು. ತುಂಬಾ ಹೊತ್ತು ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದ್ರು." ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆಮೇಲೆ, ಪೆನ್ನು ಕೊಡಿ ಮೇಷ್ಟ್ರೇ, ಅಂದ್ರು."

ಹೊರಗೆ ಹೋಗಿ ಎಂದು ಚೊಕ್ಕಮ್ಮ ಹೇಳಿದಾಗ ಏಳದಿದ್ದ ಹೆಂಗಸು ಈಗ ಆ ಕುರ್ಚಿಯಿಂದ ಎದ್ದು ನಿಂತಳು.